ಮೂವತ್ತಾರು ಗೆಲಾಕ್ಸಿಗಳ ಗೋಡೆ

ಸೋಮವಾರ, ಬೆಳಿಗ್ಗೆ 7
ಬಿ.ಪಿ. ಮಾತ್ರೆ ಆಯಿತು. ಚಹಾ ಆರಿಹೋಯಿತು. ಗಡಿಯಾರಕ್ಕೆ ಸೆಲ್ ತರಬೇಕು... ಅದಿರಲಿ. ನಿನ್ನೆ ಮಗಳು ಬಂದಿದ್ದಳು. ನಾನು ರಿಟೈರ್ ಆದ ವೀಕ್ಷಣಾಲಯದಲ್ಲೇ ಅವಳೀಗ ಸೈಂಟಿಸ್ಟ್. ಮೇಜಿನ ಮೇಲೆ ನಕ್ಷೆ ಹರಡಿದಳು—ಒಂದೊಂದು ಚುಕ್ಕೆ ಒಂದೊಂದು ಗೆಲಾಕ್ಸಿ. ಎಲ್ಲ ಕಡೆ ಸೋಪಿನ ನೊರೆಯ ಹಾಗೆ, ನಡುನಡುವೆ ಖಾಲಿ. ಒಂದು ಕಡೆ ಮಾತ್ರ ಒತ್ತೊತ್ತಾಗಿ, ನೆಟ್ಟಗೆ, ಗೋಡೆ.

"ಅಪ್ಪ, ಇದು ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ನಿಮ್ಮ ಹಳೇ ರಿಜಿಸ್ಟರಲ್ಲೇ ಇತ್ತು! ಗುರುವಾರ ಮೀಟಿಂಗಲ್ಲಿ ಎಲ್ರಿಗೂ ತೋರಿಸ್ತೀನಿ. ಬಿಳಿ ಶರ್ಟ್ ಇಸ್ತ್ರಿ ಮಾಡಿಸಿಡಿ."

ವೆರಿ ಗುಡ್ ಎಂದೆ. ಆಮೇಲೆ ನಕ್ಷೆಯ ಅಂಚಿನಲ್ಲಿ ಬರೆದಿದ್ದ ಹಳೇ ಫೋಟೋ ಪ್ಲೇಟುಗಳ ತಾರೀಕು ನೋಡಿದೆ. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದೆ. ಅದೇ ತಾರೀಕು.

ಮಧ್ಯಾಹ್ನ
ಬರೆದೇಬಿಡುತ್ತೇನೆ. ನನ್ನವಳು ತೀರಿಕೊಂಡ ಐದನೇ ದಿನಕ್ಕೇ ಡ್ಯೂಟಿಗೆ ಹೋಗಿದ್ದೆ. ಗಾಜಿನ ಪ್ಲೇಟಿನಲ್ಲಿ ಬೆಳಕಿನ ಗೆರೆ ಎಷ್ಟು ಸರಿದಿದೆ ಎಂದು ಅಳೆದರೆ ಗೆಲಾಕ್ಸಿ ಎಷ್ಟು ದೂರವೆಂದು ತಿಳಿಯುತ್ತದೆ. ಒಂದನ್ನು ಅಳೆದೆ. ಆಮೇಲೆ ಕಣ್ಣು ಮಂಜು. ಗೆರೆಯೇ ಕಾಣಲೊಲ್ಲದು. ಉಳಿದ ಮೂವತ್ತೈದಕ್ಕೂ ಅದೇ ಸಂಖ್ಯೆ ಬರೆದೆ—ಅನುಮಾನ ಬಾರದಂತೆ ಕೊನೆಯ ಅಂಕಿ ಮಾತ್ರ ಬದಲಿಸಿ. ಮುಂದಿನ ವಾರ ಸರಿಮಾಡಿದರಾಯಿತು ಎಂದುಕೊಂಡೆ... ಮುಂದಿನ ವಾರ!

ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ದೂರ. ಗೋಡೆ ಏಳದೆ ಇನ್ನೇನು.

ಬುಧವಾರ, ಸಂಜೆ
ನಿನ್ನೆ ಮಗಳಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಶರ್ಟಿನ ಮಾತೇ ಆಡಿ ಇಟ್ಟೆ. ಇವತ್ತು ವೀಕ್ಷಣಾಲಯದ ಅವಳ ಕೋಣೆಗೇ ಹೋಗಿ ಹೇಳಿದೆ.

"ಮೂವತ್ತೈದೂನಾ?"

"ಹೂಂ."

"ಅವನ್ನ ತೆಗೆದ್ರೆ ಏನು ಉಳಿಯುತ್ತೆ, ಅಪ್ಪ?"

"ಒಂದು. ಅದು ಮಾತ್ರ ಹಂಡ್ರೆಡ್ ಪರ್ಸೆಂಟ್ ಕರೆಕ್ಟ್."

ನಗಲಿಲ್ಲ. "ಎರಡು ವರ್ಷ ಇದಕ್ಕೇ ತಲೆ ಕೊಟ್ಟು ಕೂತಿದ್ದೆ."

"ನಿಮ್ಮಮ್ಮ ತೀರಿಕೊಂಡ ವಾರ ಕಣಮ್ಮ ಅದು—"

"ಅಮ್ಮನ್ನ ಮಧ್ಯೆ ತರ್ಬೇಡಿ." ಕಿಟಕಿಯ ಕಡೆ ತಿರುಗಿದಳು. "ಮೀಟಿಂಗ್ ನಿಲ್ಸಲ್ಲ. ಅಳೆದೋರೇ ಎದ್ದು ಹೇಳ್ಲಿ. ನಿಮ್ಮ ಪರವಾಗಿ ನಾನು ಬಾಯಿ ಬಿಡಲ್ಲ."

ಗುರುವಾರ, 10.50
ಹಿಂದಿನ ಸಾಲು. ತೊಡೆಯ ಮೇಲೆ ಡೈರಿ. 'ರೆಸ್ಪೆಕ್ಟೆಡ್ ಸರ್, ಐ ಬೆಗ್ ಟು ಸ್ಟೇಟ್...' ಕಾಲೇಜಿನ ಇಂಗ್ಲಿಷ್ ಇಲ್ಲಿಗೇ ನಿಂತಿದೆ. ಬೇಡ, ಮನೆಮಾತಲ್ಲೇ ಹೇಳುವುದು. ಪರದೆಯ ಮೇಲೆ ಗೋಡೆ. ಎಲ್ಲ ತಲೆದೂಗುತ್ತಿದ್ದಾರೆ. ಡೈರೆಕ್ಟರು ಆಗಲೇ ಚಪ್ಪಾಳೆಗೆ ಕೈ ಎತ್ತಿದರು.

"ಒಂದ್ನಿಮಿಷ ಸರ್," ಮಗಳು ತಡೆದಳು. "ಇದನ್ನ ಅಳೆದೋರು ಇಲ್ಲೇ ಇದ್ದಾರೆ. ಅವರು ಒಂದು ಮಾತು ಹೇಳ್ಬೇಕು."

ಇಡೀ ಸಭೆ ಹಿಂದಕ್ಕೆ ತಿರುಗಿತು. ಅವಳೊಬ್ಬಳು ನೆಲ ನೋಡುತ್ತಿದ್ದಾಳೆ. ಮೈಕು ಕೈಯಿಂದ ಕೈಗೆ ಬರುತ್ತಿದೆ. ನಾಲ್ಕು ಸಾಲು... ಮೂರು... ಈಗ ಎದ್ದು—