ಉಸಿರು ನೋಡುವವರು ಯಾರು

ಶಿರಾ, ಜೂನ್ 11, ಬುಧವಾರ

ನಾಳೆ ನನ್ನ ಹೆಂಡತಿ ಜಗದಾಂಬಳ ಪಿತ್ತನಾಳದ ಕಲ್ಲನ್ನು ಎಂಡೋಸ್ಕೋಪಿಯಲ್ಲಿ ತೆಗೆಯುತ್ತಾರೆ. ಮಂಪರು ಬರಿಸಿದ ಮೇಲೆ ಇವಳ ಉಸಿರು ನೋಡುವವರು ಯಾರೆಂದು ಡಾಕ್ಟರನ್ನು ಕೇಳಿದೆ.

"ನಾನೇ ಇರ್ತೀನಲ್ಲ ಸಾರ್."

ಅವರ ಕಣ್ಣು ಪರದೆಯ ಮೇಲಿರುತ್ತದೆ, ಕೈ ನಳಿಕೆಯ ಮೇಲೆ. ಅರಿವಳಿಕೆಗೆ ಬೇರೆ ವೈದ್ಯರು ಬೇಕೆಂದೆ. ಹೊರಗೆ ಬಂದೊಡನೆ ಭಾವಮೈದ ಹಾಲೇಶ್ ರೇಗಿದ: "ನಮ್ ಮಠದ ಭಕ್ತರು ಕಣ್ ಭಾವ, ಅವರ್ನ ಇಂಗೆಲ್ಲ ಕೇಳ್ತಾರಾ?"

ಇವನ ಅಪ್ಪನನ್ನು ಕಳೆದುಕೊಂಡದ್ದೂ ಇದೇ ಸಂಕೋಚಕ್ಕೆ. ಅಂದೂ ಡಾಕ್ಟರು ನಮ್ಮವರೆಂದು ಯಾರೂ ಕೇಳಲಿಲ್ಲ. ಕಲ್ಲು ಹೊರಬಂತು, ಮಾವ ಏಳಲಿಲ್ಲ. ನೆಂಟರೆಲ್ಲ ಹಣೆಬರಹ ಎಂದರು.

ಮಲಗುವ ಮುಂಚೆ ಜಗದಾಂಬಳೂ ಹಾಲೇಶನ ಮಾತನ್ನೇ ಅಂದಳು: "ಸುಮ್ನಿರಿ, ದೊಡ್ಡೋರು ಬೇಜಾರ್ ಮಾಡ್ಕಂಡ್ಬುಡ್ತಾರೆ."

ಇವರಿಗೆಲ್ಲ ಅವಳ ಉಸಿರಿಗಿಂತ ಡಾಕ್ಟರ ಬೇಜಾರು ದೊಡ್ಡದು. ನಾಳೆ ಬಾಗಿಲಲ್ಲೇ ನಿಂತು ಮತ್ತೆ ಕೇಳುತ್ತೇನೆ. ಬೇರೆ ವೈದ್ಯರು ಇಲ್ಲದಿದ್ದರೆ ಅವಳನ್ನು ಕರೆದುಕೊಂಡು ಬಂದುಬಿಡುತ್ತೇನೆ. ಅವಳು ಒಪ್ಪಿ ನನ್ನ ಜೊತೆ ಎದ್ದು ಬಂದರೆ.