ಲಿವರಿಗೆ ಬಿಟ್ಟ ಗುಳ್ಳೆಗಳು

ಕೆಂಗೇರಿ
12-11-2025, ಬುಧವಾರ

ಪ್ರೀತಿಯ ಯಶೋದಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಮಗಳು ಸ್ಪಂದನ ಹೊಟ್ಟೆ ತುಂಬ ಉಣ್ಣುತ್ತಿದ್ದಾಳಾ, ಕೂಸು ನಿಮ್ಮನ್ನು ಮಲಗಲು ಬಿಡುತ್ತದಾ? ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ನೀನು ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು, ಈ ವಿಷಯ ಬಾಣಂತಿ ಕಿವಿಗೆ ಬೀಳಬಾರದು. ಅಳಿಯಂದಿರು ಸಂಜೆ ರೈಲಿಗೆ ಮಂಡ್ಯಕ್ಕೆ ವಾಪಸ್ ಬರುತ್ತಿದ್ದಾರೆ, ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಕೂತುಕೊಂಡು ಓದು.

ಹೋದ ವಾರ ಶುಗರ್ ಚೆಕಪ್ಪಿಗೆ ಹೋದಾಗ ಸ್ಕ್ಯಾನಿಂಗ್ ಮಾಡಿ, ಲಿವರಿನಲ್ಲಿ ಒಂದು ಗಂಟಿದೆ ಅಂದರು. ಕೆಟ್ಟ ಗಂಟೋ ಅಲ್ಲವೋ ತಿಳಿಯಬೇಕಿತ್ತು. ಸಿ.ಟಿ. ಸ್ಕ್ಯಾನಿಗೆ ಕೊಡುವ ಔಷಧಿ ನನ್ನ ಸೋತ ಕಿಡ್ನಿಗೆ ಆಗಿಬರುವುದಿಲ್ಲವಂತೆ. ಅದಕ್ಕೆ ರಕ್ತನಾಳಕ್ಕೆ ಸಣ್ಣ ಸಣ್ಣ ಗುಳ್ಳೆಗಳಿರುವ ಔಷಧಿ ಬಿಟ್ಟು ಅಲ್ಟ್ರಾಸೌಂಡಿನಲ್ಲಿ ನೋಡುತ್ತಾರಂತೆ. ಗುಳ್ಳೆ ಎಂದ ಕೂಡಲೇ ಜೀವ ಬಾಯಿಗೆ ಬಂದಂತಾಯಿತು. ಚುಚ್ಚುವ ಮೊದಲು ನರ್ಸಮ್ಮ ಸಿರಿಂಜು ತಟ್ಟಿ ತಟ್ಟಿ ಗಾಳಿ ತೆಗೆಯುವುದನ್ನು ನಾನು ನೋಡಿಲ್ಲವೇ? ಇವು ಕಣ್ಣಿಗೇ ಕಾಣದಷ್ಟು ಸಣ್ಣವು, ಸ್ವಲ್ಪ ಹೊತ್ತಿಗೆ ಉಸಿರಿನಲ್ಲೇ ಹೊರಟುಹೋಗುತ್ತವೆ ಎಂದು ಡಾಕ್ಟರ್ ಶುಭಾ ಸಮಾಧಾನ ಮಾಡಿದರು.

ಇವತ್ತು ಬೆಳಗ್ಗೆ ಮಲಗಿಸಿ, ಅಲುಗಾಡಬೇಡಿ ಎಂದು ಹೇಳಿ ಗುಳ್ಳೆ ಬಿಟ್ಟರು. ಮುಖದ ಮುಂದೆಯೇ ಟಿವಿ. ಮೂವತ್ತೈದು ವರ್ಷ ಮೈಸೂರು ರೋಡಿನಲ್ಲಿ ಪಂಚರ್ ಹಾಕಿದವನು ನಾನು. ಟ್ಯೂಬನ್ನು ತೊಟ್ಟಿ ನೀರಿನಲ್ಲಿ ಅದ್ದಿದಾಗ ಗುಳ್ಳೆ ಎದ್ದ ಜಾಗಕ್ಕೆ ಆಗಲೇ ಬೆರಳಿಡದಿದ್ದರೆ ಆಮೇಲೆ ಹುಡುಕಿಕೊಂಡೇ ಇರಬೇಕು. ಗಂಟಿನ ಅಂಚಿನಲ್ಲಿ ಬೆಳ್ಳಗೆ ಮಿನುಗಿದ್ದೇ ತಡ, ಎದ್ದು ಕೂತು ಟಿವಿಗೆ ಬೆರಳಿಟ್ಟೆ. "ಇಲ್ಲೇ ಮೇಡಂ, ಮಾರ್ಕ್ ಮಾಡ್ಕೊಳಿ, ಬಿಟ್ರೆ ಸಿಗಲ್ಲ" ಅಂದೆ. ಚಿತ್ರವೆಲ್ಲ ಹಾಳಾಯಿತು. ಮೇಡಂ ನನ್ನನ್ನು ಮತ್ತೆ ಮಲಗಿಸಿದರು. ಎರಡನೇ ಸಲ ಗುಳ್ಳೆ ಬಿಡುವಾಗ ನರ್ಸಮ್ಮ ನನ್ನ ಕೈ ಹಿಡಿದುಕೊಂಡೇ ನಿಂತಿದ್ದರು.

ಗಂಟು ಅಂಚಿನಿಂದ ನಿಧಾನವಾಗಿ ಪೂರ್ತಿ ಬೆಳ್ಳಗಾಯಿತು, ಬೆಳ್ಳಗೇ ಉಳಿಯಿತು. ನಮ್ಮ ಕಸುಬಿನಲ್ಲಿ ಗುಳ್ಳೆ ಬಂದ ಕಡೆ ತೂತು. ಅಷ್ಟು ಗುಳ್ಳೆ ಬರುವ ಟ್ಯೂಬನ್ನು ನಾನು ಮೂಲೆಗೆ ಎಸೆಯುತ್ತಿದ್ದೆ. ಸರಿ, ನನ್ನ ಕಥೆ ಮುಗಿಯಿತು ಅಂದುಕೊಂಡೆ. ಹೊರಗೆ ಬೆಂಚಿನ ಮೇಲೆ ಮಗನ ಪಕ್ಕ ಅರ್ಧ ಗಂಟೆ ಕಾಯುವಾಗ ನಿಜವಾಗಿಯೂ ಭಯವಾಯಿತು ಯಶೋದಾ. ನಿನ್ನನ್ನು ಒಂದು ಸಲ ನೋಡಬೇಕು ಅನ್ನಿಸಿತು. ಮೇಡಂ ಕರೆದು ಹೇಳಿದ್ದು ಬೇರೆಯೇ. ಹೀಗೆ ನಿಧಾನವಾಗಿ ತುಂಬಿ ಹಾಗೇ ನಿಂತರೆ ಅದು ಬರೀ ರಕ್ತನಾಳಗಳ ಗಂಟು, ಏನೂ ಮಾಡುವುದಿಲ್ಲ. ಕೆಟ್ಟದ್ದಾಗಿದ್ದರೆ ತುಂಬಿದ್ದು ಬೇಗ ಖಾಲಿಯಾಗುತ್ತಿತ್ತಂತೆ. ನನ್ನ ಮೂವತ್ತೈದು ವರ್ಷದ ಅನುಭವ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಮಗಳಿಗೂ ಕೂಸಿಗೂ ನನ್ನ ಆಶೀರ್ವಾದ. ಬೀಗರಿಗೆ ಕೇಳಿದೆನೆಂದು ತಿಳಿಸು.

ಇಂತಿ,
ನಿನ್ನ ಗಟ್ಟಿಮುಟ್ಟಾದ ಗಂಡ
ಮರಿಯಪ್ಪ

ವಿ.ಸೂ.: ಅಳಿಯಂದಿರು ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆ ಬೆಂಚಿನ ಮೇಲೆ, ಸಾಯುವವನಿಗೆ ಇನ್ನೇನು ಹಟ ಎಂದು, ನಮ್ಮ ಭೈರೇಶ ಚೇತನಾಳನ್ನು ಮದುವೆಯಾಗಲು ಒಪ್ಪಿಗೆ ಕೊಟ್ಟುಬಿಟ್ಟೆ. ಎದುರಿಗೇ ಟೈರ್ ಅಂಗಡಿ ಇಟ್ಟು ನನ್ನ ಗಿರಾಕಿಗಳನ್ನೆಲ್ಲ ಎಳೆದುಕೊಂಡ ಕೆಂಚಪ್ಪನ ಮನೆ ಹೆಣ್ಣು ಬೇಡವೆಂದು ಎರಡು ವರ್ಷ ನಿಮ್ಮಿಬ್ಬರನ್ನೂ ಗೋಳು ಹುಯ್ದುಕೊಂಡವನು ನಾನೇ. ರಿಪೋರ್ಟ್ ಬರುವಷ್ಟರಲ್ಲಿ ನಿನ್ನ ಮಗ ಅವರಿಗೆ ಫೋನೂ ಮಾಡಿ ಆಗಿತ್ತು. ಅವನ ಮುಖ ಅಷ್ಟು ಅರಳಿದ್ದು ನಾನು ನೋಡಿಯೇ ಇರಲಿಲ್ಲ. ಸಾಯುವುದಿಲ್ಲ ಎಂದು ಗೊತ್ತಾದ ಮೇಲೆ ಮಾತು ತಿರುಗಿಸಲು ನಾಲಿಗೆ ಏಳುತ್ತಿಲ್ಲ. ಭಾನುವಾರ ಕೆಂಚಪ್ಪ ಮನೆಗೆ ಬರುತ್ತಾನೆ. ಬಾಣಂತಿಯನ್ನು ಎರಡು ದಿನ ಬೀಗಿತ್ತಿ ನೋಡಿಕೊಳ್ಳಲಿ, ನೀನು ಶನಿವಾರವೇ ಬಾ. ಅವನ ಎದುರು ಒಬ್ಬನೇ ಕೂತು ನಗುವುದು ನನ್ನ ಕೈಲಾಗದು.