ಅಟ್ಲಾಸನ ಭುಜ

ಅಪ್ಪ,

ನಿಮ್ಮ ಕ್ಷೇಮ ವಿಚಾರಿಸುವ ಕಾಲ ಮುಗಿದಿದೆ. ನೀವು ಇದ್ದಾಗಲೂ ನನಗೆ ಆ ಚಾಳಿ ಇರಲಿಲ್ಲ. ಸುದ್ದಿಯಷ್ಟೇ ಮುಟ್ಟಿಸುತ್ತೇನೆ. ನಡುಮನೆಯಲ್ಲಿದ್ದ, ನೀವು ಬಿಡಿಸಿದ ಪೆನ್ಸಿಲ್ ಚಿತ್ರವನ್ನು ಇವತ್ತು ನಾನು ಕೆಡಿಸಿದೆ.

ಅದೇ, ಗ್ರೀಕರ ಕಥೆಯ ಅಟ್ಲಾಸ್, ಆಕಾಶ ಹೊರುವ ಶಿಕ್ಷೆಗೆ ಗುರಿಯಾದವನು. ಅವನಿಗಾಗಿ ನನ್ನ ಹೆಗಲ ಮೇಲೆ ಮರಳಿನ ಮೂಟೆ ಹೊರಿಸಿ, ಬೇಸಿಗೆ ರಜೆಯಿಡೀ ಹಿತ್ತಲ ಶೆಡ್ಡಿನಲ್ಲಿ ನಿಲ್ಲಿಸಿದಿರಿ. ಕಾಲು ನಡುಗಿದರೆ "ಕುಣೀಬೇಡ್ವೋ" ಎಂದು ಗದರಿದಿರಿ. ಕೊನೆಗೆ ಚಿತ್ರದಲ್ಲಿ ನನ್ನ ಭುಜದ ಮೇಲೆ ಅಣ್ಣನ ಮುಖ ಕೂರಿಸಿದಿರಿ. "ಅವನ ಮುಖದಲ್ಲಿ ಕಳೆ ಇದೆ ಕಣೋ. ನಿಂದು ಭುಜ ಸಾಕು" ಎಂದಿರಿ.

ಇವತ್ತು ಅಣ್ಣ ಬಂದಿದ್ದ. ಅಮ್ಮನನ್ನು ನಾಲ್ಕು ದಿನ ಇಟ್ಟುಕೋ ಎಂದರೆ ಮನೆ ಚಿಕ್ಕದು ಎಂದ. ಹೊರಡುವಾಗ ಮಾತ್ರ ಚಿತ್ರ ತೋರಿಸಿ, "ನಂದೇ ಅಲ್ವಾ, ತಗೊಂಡು ಹೋಗ್ಲಾ?" ಎಂದ. ನಾಳೆ ಬಾ ಎಂದು ಸಾಗಹಾಕಿದೆ. ಆಮೇಲೆ ಚೌಕಟ್ಟು ಬಿಚ್ಚಿ, ರಬ್ಬರಿನಿಂದ ಅವನ ಮುಖವನ್ನು ಪೂರ್ತಿ ಅಳಿಸಿದೆ.

ಅಮ್ಮ ಗೋಡೆ ಹಿಡಿದುಕೊಂಡು ಬಂದಳು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಇದು ನೀನಲ್ವೇನೋ? ಇಷ್ಟು ವರ್ಷ ದೊಡ್ಡವನು ಅಂದ್ಕೊಂಡಿದ್ದೆ."

ಇದರಿಂದ ನಿಮ್ಮ ಮೇಲಿನ ಸಿಟ್ಟು ಗುಲಗಂಜಿಯಷ್ಟೂ ಇಳಿದಿಲ್ಲ. ಆದರೆ ಅಳಿಸುವಾಗ, ಕೈಯ ಬೆವರು ತಾಗಿ ಭುಜ ಮಾಸಬಾರದೆಂದು ಅಂಗೈಯಡಿ ಬಿಳಿ ಹಾಳೆ ಇಟ್ಟುಕೊಂಡಿದ್ದೆ, ನೀವು ಕಲಿಸಿದ ಹಾಗೇ.